ಯಂತ್ರದ ಹೊಂದಿಕೆಯೂ ಮನುಷ್ಯನ ಮರ್ಯಾದೆಯೂ

ಒಬ್ಬರು ಮಾಡಿದ ವಸ್ತುವನ್ನು ಮತ್ತೊಬ್ಬರು ಬಳಸುವಲ್ಲೆಲ್ಲ ಒಂದು ಧರ್ಮಪ್ರಶ್ನೆ ಅಡಗಿರುತ್ತದೆ. ಮಾಡುವವನು ಬಳಸುವವನನ್ನು ಕಂಡಿರುವುದಿಲ್ಲ. ಆದರೂ ಅವನ ಪರವಾಗಿ ಎಷ್ಟೋ ಸಂಗತಿಗಳನ್ನು ತಾನೇ ನಿರ್ಧರಿಸಬೇಕಾಗುತ್ತದೆ. ಮನೆ ಕಟ್ಟುವವನು ಮೆಟ್ಟಿಲಿನ ಎತ್ತರವನ್ನು ಗೊತ್ತುಮಾಡುವಾಗ, ಆ ಮನೆಯಲ್ಲಿ ಮುಂದೆ ಹುಟ್ಟುವ ಮಗುವಿನ ಕಾಲನ್ನಾಗಲಿ ಮುಪ್ಪಾಗುವ ಅಜ್ಜಿಯ ಮೊಣಕಾಲನ್ನಾಗಲಿ ನೋಡಿ ಗೊತ್ತುಮಾಡುವುದಿಲ್ಲ. ಕಾಣದ ಮನುಷ್ಯನಿಗಾಗಿ ತಾನು ಎಷ್ಟನ್ನು ನಿರ್ಧರಿಸಬಹುದು, ಎಷ್ಟನ್ನು ಅವನಿಗೇ ಬಿಡಬೇಕು, ಬಿಟ್ಟದ್ದನ್ನು ಅವನ ಕೈಗೆ ಎಟಕುವಂತೆ ಎಲ್ಲಿ ಇಡಬೇಕು ಎಂಬ ಮೂರು ಪ್ರಶ್ನೆಗಳು ಎಲ್ಲ ಶಿಲ್ಪಿಗಳಿಗೂ ಸಮಾನವಾದವು. ಈಗಿನ ಕಾಲದಲ್ಲಿ ಈ ಪ್ರಶ್ನೆಗಳು ಅತ್ಯಂತ ಸ್ಫುಟವಾಗಿ ತೋರುವ ಸ್ಥಳವೊಂದುಂಟು. ಅದು ಗಣಕಯಂತ್ರದೊಳಗೆ ‘ಸೆಟ್ಟಿಂಗ್ಸ್’ ಎಂದು ನಾವೆಲ್ಲರೂ ಕರೆಯುವ ಫಲಕ.

ಇಂಥ ಯಾಂತ್ರಿಕ ವಿಷಯಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ. ಇಂದು ಕನ್ನಡವನ್ನು ಬರೆಯುವವರು ಬಹುಮಟ್ಟಿಗೆ ಈ ಯಂತ್ರದ ಮೂಲಕವೇ ಬರೆಯುತ್ತಾರೆ. ಮನೆಯ ಲೆಕ್ಕ, ಮಕ್ಕಳ ಪಾಠ, ಹೊಲದ ಪಹಣಿ, ಹಿರಿಯರ ಪಿಂಚಣಿ ಎಲ್ಲವೂ ಅದರ ಮೂಲಕವೇ ಸಾಗುತ್ತವೆ. ಯಂತ್ರವು ಯಾರ ಮಾತನ್ನು ಕೇಳುವಂತೆ ಕಟ್ಟಲ್ಪಟ್ಟಿದೆ ಎಂಬುದು ಆದಕಾರಣ ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟುಬಿಡತಕ್ಕ ವಿಷಯವಲ್ಲ. ಅದು ಗೃಹಸ್ಥರೆಲ್ಲರ ವಿಷಯ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಮೇಜಿನ ಮೇಲಿನ ಕಂಪ್ಯೂಟರನ್ನು ತೆರೆದಾಗ ಅಕ್ಷರಗಳು ಎಷ್ಟು ದೊಡ್ಡವಾಗಿ ಕಾಣಬೇಕು, ಯಂತ್ರವು ಯಾವ ಭಾಷೆಯಲ್ಲಿ ಮಾತನಾಡಬೇಕು, ತಾರೀಖನ್ನು ಹೇಗೆ ಬರೆಯಬೇಕು, ಎಷ್ಟು ಹೊತ್ತು ಸುಮ್ಮನಿದ್ದರೆ ಪರದೆ ಆರಬೇಕು, ನಾವು ಮಾಡಿದ ಕೆಲಸದ ಸುದ್ದಿಯನ್ನು ತಯಾರಕರಿಗೆ ಕಳುಹಿಸಬೇಕೇ ಕೂಡದೇ ಎಂಬಿವೇ ಮೊದಲಾದವನ್ನು ಗೊತ್ತುಮಾಡುವ ಸ್ಥಳವಿದು. ಇದನ್ನು ‘ಹೊಂದಿಕೆಯ ಫಲಕ’ ಎಂದು ಈ ಲೇಖನದಲ್ಲಿ ಕರೆಯುತ್ತೇವೆ. ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೆಂಬ ಭಾವವು ಆ ಹೆಸರಿನಲ್ಲಿದೆ.

೧೯೮೪ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರವು ಬಂದಾಗ ಅದರ ಹೊಂದಿಕೆಯ ಫಲಕವು ಒಂದೇ ಕಿಟಕಿಯಲ್ಲಿ ಅಡಗುವಷ್ಟು ಚಿಕ್ಕದಾಗಿತ್ತು. ಅದನ್ನು ಚಿತ್ರಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಅದರಲ್ಲಿ ಮಾತು ಬಹಳ ಕಡಿಮೆ; ಎಲ್ಲವೂ ಚಿತ್ರಗಳು. ವೇಗವನ್ನು ಸೂಚಿಸಲು ಒಂದು ಕಡೆ ಆಮೆ, ಮತ್ತೊಂದು ಕಡೆ ಮೊಲ. ಆಮೆ ಮೊಲಗಳ ಕಥೆಯನ್ನು ಕೇಳಿದ ಯಾವ ಮಗುವೂ, ಅದು ಯಾವ ದೇಶದ್ದೇ ಆಗಲಿ, ಆ ಚಿತ್ರಗಳ ಅರ್ಥವನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ೧೯೮೫ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಕೂಡ ‘ಕಂಟ್ರೋಲ್ ಪ್ಯಾನಲ್’ ಎಂಬ ಫಲಕದೊಡನೆಯೇ ಹೊರಬಂತು. ಅಲ್ಲಿಂದ ಮುಂದೆ ಯಂತ್ರದ ಶಕ್ತಿ ಬೆಳೆದಂತೆ ಫಲಕವೂ ಬೆಳೆಯಿತು. ಒಂದು ಕಿಟಕಿಯಿದ್ದದ್ದು ನೂರು ಕೋಣೆಗಳ ವಾಡೆಯಾಯಿತು. ೨೦೧೫ರ ವಿಂಡೋಸ್ ಹತ್ತನೆಯ ಆವೃತ್ತಿಯಲ್ಲಿ ಹೊಸದಾದ ‘ಸೆಟ್ಟಿಂಗ್ಸ್’ ಒಂದು ಕಡೆ, ಹಳೆಯ ‘ಕಂಟ್ರೋಲ್ ಪ್ಯಾನಲ್’ ಮತ್ತೊಂದು ಕಡೆ ಎಂಬಂತಾಗಿ, ಬೇಕಾದ ವಸ್ತು ಯಾವ ವಾಡೆಯಲ್ಲಿದೆ ಎಂದು ಹುಡುಕುವ ಕಷ್ಟವೂ ಬಳಸುವವನ ಪಾಲಿಗೆ ಬಂತು.

ಈಗ ನಮ್ಮ ಕಲಬುರಗಿಗೆ ಸಂಬಂಧಿಸಿದ ಒಂದು ನಿಜವಾದ ದೃಷ್ಟಾಂತವನ್ನು ವಿಸ್ತಾರವಾಗಿ ನೋಡೋಣ. ನಮ್ಮ ವಾದಕ್ಕೆಲ್ಲ ಅದೇ ಆಧಾರ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಎಂಬ ಆವೃತ್ತಿಯು ಹೊರಬಂದಿತು. ಅನೇಕ ವರ್ಷಗಳ ಕಾಲ ನಮ್ಮ ನಾಡಿನ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಅದರದೇ ರಾಜ್ಯವಾಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡವು ೧೯೯೧ರಲ್ಲಿಯೇ ಸೇರಿತ್ತು. ಆ ಕ್ರಮದಂತೆ ಕನ್ನಡವನ್ನು ಓದಿ ಬರೆಯುವ ಸಾಮರ್ಥ್ಯವು ಎಕ್ಸ್‌ಪಿಯಲ್ಲಿ ಇದ್ದಿತು. ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸವೂ ಅದರೊಡನೆ ಬಂದಿತ್ತು. ಆದರೆ ಯಂತ್ರವನ್ನು ತಂದು ತೆರೆದವನಿಗೆ ಕನ್ನಡವು ಸರಿಯಾಗಿ ಕಾಣುತ್ತಿರಲಿಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಏಕೆಂದರೆ ಆ ಸಾಮರ್ಥ್ಯವನ್ನು ಮುಚ್ಚಿಟ್ಟಿದ್ದರು.

ಅದನ್ನು ತೆರೆಯುವ ಬಗೆ ಹೀಗಿತ್ತು. ಮೊದಲು ಕಂಟ್ರೋಲ್ ಪ್ಯಾನಲಿಗೆ ಹೋಗಬೇಕು. ಅಲ್ಲಿ ಪ್ರದೇಶ ಮತ್ತು ಭಾಷೆಗಳ ವಿಭಾಗವನ್ನು ತೆರೆಯಬೇಕು. ಅದರಲ್ಲಿ ಭಾಷೆಗಳ ಪುಟವನ್ನು ಆರಿಸಬೇಕು. ಆ ಪುಟದ ಕೆಳಭಾಗದಲ್ಲಿ ಒಂದು ಚಿಕ್ಕ ಚೌಕ. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ. ‘ಜಟಿಲ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಕಡತಗಳನ್ನು ಸ್ಥಾಪಿಸು (ಥಾಯ್ ಸಹಿತ)’ ಎಂಬುದು ಆ ವಾಕ್ಯದ ತಾತ್ಪರ್ಯ. ಈ ಚೌಕದಲ್ಲಿ ಗುರುತು ಹಾಕಿದರೆ, ಆಗ ಬರುವ ಸೂಚನೆಯಲ್ಲಿ ಅರಬ್ಬಿ, ಹೀಬ್ರೂ ಮೊದಲಾದವುಗಳ ನಡುವೆ ‘ಇಂಡಿಕ್’ ಎಂಬ ಮಾತು ಮೊದಲ ಸಲ ಕಣ್ಣಿಗೆ ಬೀಳುತ್ತಿತ್ತು. ಬಳಿಕ ಮೂಲ ಸಿ.ಡಿ.ಯನ್ನು ಹಾಕಬೇಕು, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕು, ಮತ್ತೆ ಅದೇ ಪುಟಕ್ಕೆ ಬಂದು ಕನ್ನಡದ ಕೀಲಿಮಣೆಯನ್ನು ಸೇರಿಸಬೇಕು. ಇಷ್ಟಾದ ಮೇಲೆ ಕನ್ನಡವು ಕನ್ನಡವಾಗಿ ಕಾಣುತ್ತಿತ್ತು.

ವಾಚಕರು ಆ ಚೌಕದ ವಾಕ್ಯವನ್ನು ಮತ್ತೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಕಲಬುರಗಿಯಲ್ಲಿ ಕನ್ನಡ ಉರ್ದು ಎರಡೂ ಮನೆಮಾತುಗಳು. ಕೋಟೆಯ ಆಸುಪಾಸಿನಲ್ಲಿ, ಶರಣಬಸವೇಶ್ವರರ ಗುಡಿಯ ಜಾತ್ರೆಯಲ್ಲಿ, ಬಂದೇನವಾಜರ ದರ್ಗಾದ ಉರುಸಿನಲ್ಲಿ ಈ ಎರಡು ಮಾತುಗಳೂ ಒಂದೇ ಗಾಳಿಯಲ್ಲಿ ತೇಲುತ್ತವೆ. ಈ ಊರಿನ ಕನ್ನಡವು ಜಟಿಲ ಲಿಪಿ. ಈ ಊರಿನ ಉರ್ದುವು ಬಲದಿಂದ ಎಡಕ್ಕೆ ಹರಿಯುವ ಭಾಷೆ. ಎರಡಕ್ಕೂ ಬಾಗಿಲು ಆ ಒಂದೇ ಚೌಕ. ಆ ಬಾಗಿಲಿನ ಮೇಲಾದರೋ ಕನ್ನಡದ ಹೆಸರಿಲ್ಲ, ಉರ್ದುವಿನ ಹೆಸರೂ ಇಲ್ಲ. ಥಾಯ್ ಭಾಷೆಯ ಹೆಸರು ಮಾತ್ರ ಇತ್ತು. ತನ್ನ ತಾಯಿನುಡಿಯನ್ನು ‘ಜಟಿಲ ಲಿಪಿ’ ಎಂದು ಯಾರು ತಾನೆ ಭಾವಿಸುತ್ತಾರೆ? ಒಂದನೆಯ ತರಗತಿಯ ಮಗುವಿಗೆ ಅದು ಸರಳವಾಗಿಯೇ ತೋರುತ್ತದೆ. ಜಟಿಲತೆಯು ಯಂತ್ರವನ್ನು ಕಟ್ಟಿದವನ ಕಡೆಯಿಂದ ನೋಡಿದಾಗ ಕಾಣುವ ಗುಣ. ಅವನು ತನ್ನ ಕಷ್ಟದ ಹೆಸರನ್ನು ನಮ್ಮ ಭಾಷೆಗೆ ಇಟ್ಟನು.

ಇಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಆ ಕಡತಗಳಿಗೆ ಹತ್ತು ಮೆಗಾಬೈಟಿಗಿಂತ ಹೆಚ್ಚಿನ ಸ್ಥಳ ಬೇಕಾಗುತ್ತಿತ್ತು. ಆ ದಿನಗಳಲ್ಲಿ ಸ್ಥಳವು ಅಮೂಲ್ಯವಾಗಿತ್ತು. ಬೇಡದವರ ಯಂತ್ರದಲ್ಲಿ ಅದನ್ನು ತುಂಬುವುದೇಕೆ ಎಂಬ ಮಿತವ್ಯಯದ ವಿಚಾರವೂ ಇದ್ದಿರಬಹುದು. ೨೦೦೭ರ ವಿಸ್ಟಾ ಆವೃತ್ತಿಯಿಂದ ಮುಂದೆ ಆ ಚೌಕವೇ ಇಲ್ಲವಾಗಿ, ಭಾರತದ ಲಿಪಿಗಳು ಮೊದಲಿನಿಂದಲೇ ತೆರೆದಿದ್ದವು. ಆದರೆ ನಡುವಣ ಐದಾರು ವರ್ಷಗಳಲ್ಲಿ ಏನಾಯಿತೆಂಬುದನ್ನು ಗಮನಿಸಬೇಕು. ಯಂತ್ರದಲ್ಲಿ ಕನ್ನಡವೇ ಇಲ್ಲವೆಂದು ಅಸಂಖ್ಯ ಜನರು ನಂಬಿದರು. ಬರಹ, ನುಡಿ ಮೊದಲಾದ ತಂತ್ರಾಂಶಗಳನ್ನು ನಮ್ಮವರೇ ಕಟ್ಟಿ ಕೊರತೆಯನ್ನು ತುಂಬಿದ್ದು ನಮ್ಮ ಭಾಗ್ಯ. ಆದರೂ ಆ ಕಾಲದ ಅನೇಕ ಕನ್ನಡ ಕಡತಗಳು ಯೂನಿಕೋಡಿನ ಹೊರಗಣ ಅಕ್ಷರವಿನ್ಯಾಸಗಳಲ್ಲಿ ಉಳಿದು, ಅದೇ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಒಂದು ಚೌಕದ ಪಕ್ಕದ ಮಾತು ಸ್ಪಷ್ಟವಾಗಿದ್ದರೆ ಈ ನಷ್ಟದಲ್ಲಿ ಸ್ವಲ್ಪವಾದರೂ ತಪ್ಪುತ್ತಿತ್ತು.

ನಮ್ಮ ಪ್ರಾಂತದವರಿಗೆ ಈ ಅನುಭವವು ಹೊಸದಲ್ಲ. ೧೯೪೮ರ ಸೆಪ್ಟೆಂಬರ್ ೧೭ರವರೆಗೆ ಕಲಬುರಗಿಯು ನಿಜಾಮರ ಸಂಸ್ಥಾನದಲ್ಲಿತ್ತು; ಕಚೇರಿಯ ಭಾಷೆ ಉರ್ದು. ಕನ್ನಡ ಮಾತ್ರ ಬಲ್ಲ ಒಕ್ಕಲಿಗನು ತನ್ನ ಹೊಲದ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಗುತ್ತಿತ್ತು. ೧೯೫೬ರ ನವೆಂಬರ್ ೧ರಂದು ಕನ್ನಡನಾಡುಗಳು ಒಂದಾದ ಮೇಲೆ ಕಚೇರಿಯ ಭಾಷೆ ಕ್ರಮವಾಗಿ ಕನ್ನಡವಾಯಿತು. ಈಗ ಉರ್ದು ಮಾತ್ರ ಓದಬಲ್ಲ ವೃದ್ಧರಿಗೆ ಆ ಕಷ್ಟ ಬಂದಿರಬಹುದು. ದೋಷವು ಯಾವ ಭಾಷೆಯದೂ ಅಲ್ಲ. ಒಂದು ಏರ್ಪಾಡನ್ನು ಮೊದಲೇ ಮಾಡಿಟ್ಟು, ಅದಕ್ಕೆ ಹೊಂದದವನಿಗೆ ದಾರಿಯನ್ನು ತೋರಿಸದಿರುವುದೇ ದೋಷ. ನಮ್ಮ ಜಿಲ್ಲೆಯ ಮಳಖೇಡದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ದೇಶಭೇದದಿಂದ ಕನ್ನಡಗಳು ಅನೇಕವೆಂದೂ, ಅವುಗಳನ್ನು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತೆಂದೂ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತು. ಬಳಸುವವರು ಬಗೆಬಗೆಯವರೆಂಬ ಅರಿವು ಈ ನೆಲದಲ್ಲಿ ಅಷ್ಟು ಹಳೆಯದು.

ಮೊದಲೇ ಮಾಡಿಟ್ಟ ಏರ್ಪಾಡಿನ ಬಲ ಎಷ್ಟೆಂಬುದನ್ನು ಸಾಮಾನ್ಯವಾಗಿ ನಾವು ಅರಿಯುವುದಿಲ್ಲ. ಅಮೆರಿಕದ ಇಂಗ್ಲಿಷ್ ಪ್ರತಿಯನ್ನು ಏನೂ ಬದಲಿಸದೆ ಸ್ಥಾಪಿಸಿದರೆ ಎಕ್ಸ್‌ಪಿಯ ಗಡಿಯಾರವು ಪೆಸಿಫಿಕ್ ತೀರದ ವೇಳೆಯನ್ನು ತೋರಿಸುತ್ತಿತ್ತು. ಅದು ಚಳಿಗಾಲದಲ್ಲಿ ನಮ್ಮ ವೇಳೆಗಿಂತ ಹದಿಮೂರೂವರೆ ಗಂಟೆ ಹಿಂದೆ. ಅದನ್ನು ಸರಿಪಡಿಸಲು ಹೋದ ಕಲಬುರಗಿಯವನು ಚೆನ್ನೈ, ಕೋಲ್ಕತ್ತ, ಮುಂಬಯಿ, ದೆಹಲಿಗಳ ಸಾಲಿನಲ್ಲಿ ತನ್ನನ್ನು ಗುರುತಿಸಿಕೊಳ್ಳಬೇಕು. ಕಾಗದದ ಅಳತೆ ಅಲ್ಲಿ ೨೧೬ ಮಿಲಿಮೀಟರ್ ಅಗಲ ೨೭೯ ಉದ್ದದ ‘ಲೆಟರ್’. ನಮ್ಮ ಅಂಗಡಿಗಳಲ್ಲಿ ದೊರೆಯುವುದು ೨೧೦ ಅಗಲ ೨೯೭ ಉದ್ದದ ‘ಎ ೪’. ತಾರೀಖಿನಲ್ಲಿ ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ೪/೬ ಎಂದು ಬರೆದದ್ದನ್ನು ಜೂನ್ ನಾಲ್ಕೆಂದು ನಾವು ಓದಿದರೆ, ಯಂತ್ರವು ಏಪ್ರಿಲ್ ಆರೆಂದು ತಿಳಿಯುತ್ತದೆ. ಕಂತು ಕಟ್ಟುವ ಕೊನೆಯ ದಿನ ಅದಾಗಿದ್ದರೆ ತಪ್ಪಿನ ಬೆಲೆಯನ್ನು ತೆರುವವನು ಯಂತ್ರ ಕಟ್ಟಿದವನಲ್ಲ.

ಬೇರೊಂದು ಕ್ಷೇತ್ರದಿಂದಲೂ ಸಾಕ್ಷ್ಯವುಂಟು. ಮರಣಾನಂತರದ ಅಂಗದಾನಕ್ಕೆ ಜನರ ಸಮ್ಮತಿಯನ್ನು ಕುರಿತು ಜಾನ್ಸನ್ ಮತ್ತು ಗೋಲ್ಡ್‌ಸ್ಟೈನ್ ಎಂಬಿಬ್ಬರು ವಿದ್ವಾಂಸರು ೨೦೦೩ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಜರ್ಮನಿಯಲ್ಲಿ ಒಪ್ಪುವವನು ಒಪ್ಪಿದೆನೆಂದು ತಾನಾಗಿ ತಿಳಿಸಬೇಕಾಗಿತ್ತು. ಅಲ್ಲಿ ಸಮ್ಮತಿ ನೂರಕ್ಕೆ ಹನ್ನೆರಡು. ನೆರೆಯ ಆಸ್ಟ್ರಿಯದಲ್ಲಿ ಬೇಡವೆನ್ನುವವನು ಬೇಡವೆಂದು ತಿಳಿಸಬೇಕಾಗಿತ್ತು. ಅಲ್ಲಿ ಸಮ್ಮತಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು. ಎರಡು ನಾಡುಗಳ ಜನರ ದಯಾಗುಣದಲ್ಲಿ ಇಷ್ಟು ಅಂತರವಿರುವುದು ಸಂಭವವಲ್ಲ. ಅಂತರವು ಏರ್ಪಾಡಿನಲ್ಲಿತ್ತು. ಮನುಷ್ಯನು ಬಹುಮಟ್ಟಿಗೆ ಇಟ್ಟದ್ದನ್ನು ಇಟ್ಟಂತೆಯೇ ಬಿಡುತ್ತಾನೆ. ಆದಕಾರಣ ಮೊದಲು ಇಡುವವನ ಹೊಣೆ ಅತ್ಯಂತ ದೊಡ್ಡದು.

ಹೊಣೆಯನ್ನು ನಿರ್ವಹಿಸುವ ಬಗೆಯಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಹೇಳುವುದು: ಎಲ್ಲವನ್ನೂ ಬಳಸುವವನ ಆಯ್ಕೆಗೇ ಬಿಡಿರಿ; ಆಯ್ಕೆ ಹೆಚ್ಚಾದಷ್ಟೂ ಸ್ವಾತಂತ್ರ್ಯ ಹೆಚ್ಚು; ಅವನ ಪರವಾಗಿ ನಿರ್ಧರಿಸಲು ನಾವು ಯಾರು? ಎರಡನೆಯ ಪಕ್ಷದವರು ಹೇಳುವುದು: ಬಳಸುವವನು ತನ್ನ ಕೆಲಸಕ್ಕಾಗಿ ಬಂದಿದ್ದಾನೆ, ನೂರು ಪ್ರಶ್ನೆಗಳಿಂದ ಅವನನ್ನು ದಣಿಸಬೇಡಿರಿ, ತಿಳಿದವರು ಚೆನ್ನಾಗಿ ನಿರ್ಧರಿಸಿ ಕೊಡಲಿ. ಈ ವಾದವು ಕೇವಲ ಕಲ್ಪನೆಯದಲ್ಲ. ಲಿನಕ್ಸ್ ಯಂತ್ರಗಳಿಗಾಗಿ ಸ್ವಯಂಸೇವಕರು ಕಟ್ಟಿದ ಗ್ನೋಮ್ ಎಂಬ ವ್ಯವಸ್ಥೆಯ ಎರಡನೆಯ ಆವೃತ್ತಿ ೨೦೦೨ರಲ್ಲಿ ಬಂದಾಗ ಅದರಲ್ಲಿ ಅನೇಕ ಆಯ್ಕೆಗಳನ್ನು ತೆಗೆದುಹಾಕಲಾಗಿತ್ತು. ಅದರ ಕರ್ತೃಗಳಲ್ಲೊಬ್ಬರಾದ ಹ್ಯಾವೊಕ್ ಪೆನಿಂಗ್ಟನ್, ಪ್ರತಿಯೊಂದು ಆಯ್ಕೆಗೂ ಒಂದು ಬೆಲೆಯುಂಟೆಂದು ಅದೇ ವರ್ಷ ವಾದಿಸಿದರು: ಆಯ್ಕೆಗಳು ಬೆಳೆದಂತೆ ಯಂತ್ರವನ್ನು ಪರೀಕ್ಷಿಸುವುದು ಕಷ್ಟ, ಬೇಕಾದ ಆಯ್ಕೆಯನ್ನು ಹುಡುಕುವುದೂ ಕಷ್ಟ. ಲಿನಕ್ಸಿನ ಮೂಲಕರ್ತರಾದ ಲೀನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಬಳಸುವವರನ್ನು ಮೂಢರೆಂದು ಭಾವಿಸುವ ವ್ಯವಸ್ಥೆಯು ಕೊನೆಗೆ ಮೂಢರಿಗೆ ಮಾತ್ರ ಉಳಿಯುವುದೆಂಬುದು ಅವರ ಆಕ್ಷೇಪದ ಸಾರ.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಇವುಗಳ ಸಮನ್ವಯಕ್ಕೆ ನಮ್ಮ ಮನೆಗಳ ಅತಿಥಿಸತ್ಕಾರವನ್ನೇ ನೋಡಬಹುದು. ಊಟದ ಹೊತ್ತಿಗೆ ಮನೆಗೆ ಬಂದವರನ್ನು ಕೂರಿಸಿ, ‘ರೊಟ್ಟಿ ಯಾವ ದಪ್ಪದ್ದು ಇರಲಿ? ಪಲ್ಯಕ್ಕೆ ಎಣ್ಣೆ ಎಷ್ಟು? ಉಪ್ಪು ಯಾವ ಕಡೆ ಬಡಿಸಲಿ?’ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ಗೃಹಿಣಿಯನ್ನು ನಾವು ಉದಾರಳೆನ್ನುವುದಿಲ್ಲ. ಹಾಗೆಯೇ ತಟ್ಟೆ ತುಂಬ ಖಾರವನ್ನು ಬಡಿಸಿ, ‘ನಮ್ಮ ಮನೆಯಲ್ಲಿ ಹೀಗೆಯೇ’ ಎನ್ನುವವಳನ್ನೂ ಹೊಗಳುವುದಿಲ್ಲ. ಸತ್ಕಾರವನ್ನು ಬಲ್ಲವಳು ಬಿಸಿ ಜೋಳದ ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ಕೇಳದೆಯೇ ಬಡಿಸುತ್ತಾಳೆ. ಶೇಂಗಾದ ಹಿಂಡಿ, ಮೊಸರು, ಉಪ್ಪು ಇವುಗಳನ್ನು ಕೈಗೆ ಎಟಕುವಂತೆ ಪಕ್ಕದಲ್ಲಿಡುತ್ತಾಳೆ. ವೃದ್ಧರೊಬ್ಬರು ರೊಟ್ಟಿಯನ್ನು ಮುರಿಯಲು ಕಷ್ಟಪಡುವುದನ್ನು ಕಂಡರೆ ಹಾಲಿನ ಬಟ್ಟಲನ್ನು ಸದ್ದಿಲ್ಲದೆ ಮುಂದಕ್ಕೆ ಸರಿಸುತ್ತಾಳೆ. ಅಲ್ಲಿ ನಿರ್ಧಾರವೂ ಇದೆ, ಆಯ್ಕೆಯೂ ಇದೆ. ಎರಡಕ್ಕೂ ಮೂಲ ಎದುರಿಗೆ ಕುಳಿತವನ ಮೇಲಿನ ಗೌರವ.

ಇದರಿಂದ ಫಲಕವನ್ನು ಕಟ್ಟುವವನ ಧರ್ಮವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು.

ಒಂದನೆಯದು, ಆರಿಸದವನಿಗಾಗಿ ಚೆನ್ನಾಗಿ ಆರಿಸುವುದು. ಯಂತ್ರವು ಯಾವ ನಾಡಿನಲ್ಲಿ ತೆರೆಯಲ್ಪಡುವುದೋ ಆ ನಾಡಿನ ವೇಳೆ, ತಾರೀಖು, ಕಾಗದ, ಲಿಪಿಗಳು ಯಾರೂ ಕೇಳದೆ ಒದಗಬೇಕು. ಹತ್ತು ಲಕ್ಷವನ್ನು ಹತ್ತು ಲಕ್ಷವೆಂದೇ ಅಲ್ಪವಿರಾಮ ಹಾಕಿ ತೋರಿಸಬೇಕು. ಇವು ಸ್ವಾತಂತ್ರ್ಯದ ಪ್ರಶ್ನೆಗಳಲ್ಲ. ರೊಟ್ಟಿಯಂತೆ ಕೇಳದೆಯೇ ಬಡಿಸತಕ್ಕವು.

ಎರಡನೆಯದು, ವ್ಯಕ್ತಿಯ ದೇಹಕ್ಕೂ ನುಡಿಗೂ ಸಂಬಂಧಿಸಿದ ಆಯ್ಕೆಗಳನ್ನು ಮೊದಲ ಬಾಗಿಲಲ್ಲಿಯೇ ಇಡುವುದು. ಅಕ್ಷರದ ಗಾತ್ರ, ಬಣ್ಣಗಳ ಸ್ಫುಟತೆ, ಧ್ವನಿ, ಭಾಷೆ, ಕೀಲಿಮಣೆ ಇವು ಅಂಥವು. ೧೯೯೫ರ ವಿಂಡೋಸ್‌ನಲ್ಲಿಯೇ ಅಂಗವಿಕಲರಿಗಾಗಿ ಒಂದು ವಿಭಾಗವಿದ್ದಿತು. ಒಂದೇ ಕೈಯಿಂದ ಕೆಲಸ ಮಾಡುವವನು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವ ಬದಲು ಒಂದಾದ ಮೇಲೊಂದನ್ನು ಒತ್ತಬಹುದಾದ ಏರ್ಪಾಡು ಅದರಲ್ಲಿತ್ತು. ಇದು ಪ್ರಶಂಸನೀಯ. ಆದರೆ ಕಣ್ಣು ಮಬ್ಬಾದವನು ಅಕ್ಷರವನ್ನು ದೊಡ್ಡದು ಮಾಡುವ ಗುಂಡಿಯನ್ನು ಹುಡುಕಲು ಐದು ಪುಟಗಳ ಸಣ್ಣ ಅಕ್ಷರಗಳನ್ನು ಓದಬೇಕಾದರೆ ಆ ಉಪಕಾರವು ಉಪಕಾರವಾಗುವುದಿಲ್ಲ. ಭಾಷೆಯ ವಿಷಯವೂ ಹೀಗೆಯೇ. ಭಾಷೆಗಳ ಪಟ್ಟಿಯಲ್ಲಿ ಕನ್ನಡವು ರೋಮನ್ ಅಕ್ಷರದಲ್ಲಿ, ಜಪಾನಿಗೂ ಕಜಕ್‌ಗೂ ನಡುವೆ ಎಲ್ಲೋ ಅಡಗಿದ್ದರೆ, ಇಂಗ್ಲಿಷ್ ಬಾರದವನಿಗೆ ಅದು ದೊರೆಯುವ ಬಗೆ ಹೇಗೆ? ‘ಕನ್ನಡ’ ಎಂದು ಕನ್ನಡದ ಅಕ್ಷರಗಳಲ್ಲಿಯೇ, ಉರ್ದುವು ಉರ್ದುವಿನ ಲಿಪಿಯಲ್ಲಿಯೇ ಬರೆಯಲ್ಪಟ್ಟಿರಬೇಕು. ಕೀಲಿಮಣೆಯಲ್ಲಿಯೂ ಸರಕಾರದ ಇನ್‌ಸ್ಕ್ರಿಪ್ಟ್ ಕ್ರಮವನ್ನು ಕಲಿತವರುಂಟು, ಕೆ. ಪಿ. ರಾವ್ ಅವರು ರೂಪಿಸಿದ ಕ್ರಮವನ್ನು ಕಲಿತವರುಂಟು; ಬೆರಳಿಗೆ ಬಂದ ಅಭ್ಯಾಸವನ್ನು ಬಿಡಿಸುವ ಅಧಿಕಾರ ಯಾರಿಗೂ ಇಲ್ಲ.

ಮೂರನೆಯದು, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ. ಇದಕ್ಕೆ ಒಂದು ಸುಂದರವಾದ ನಿದರ್ಶನವುಂಟು. ವಿಂಡೋಸ್‌ನಲ್ಲಿ ಪರದೆಯ ಅಳತೆಯನ್ನು ಬದಲಿಸಿದಾಗ, ‘ಈ ಬದಲಾವಣೆಯನ್ನು ಇಟ್ಟುಕೊಳ್ಳುವಿರಾ?’ ಎಂದು ಯಂತ್ರವು ಕೇಳುತ್ತದೆ. ೧೫ ಸೆಕೆಂಡುಗಳೊಳಗೆ ಉತ್ತರ ಬಾರದಿದ್ದರೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಪರದೆ ಕಪ್ಪಾಗಿ ಏನೂ ಕಾಣದೆ ಬೆದರಿ ಕುಳಿತವನನ್ನು ಅದನ್ನು ಕಟ್ಟಿದವನು ಮನಸ್ಸಿನಲ್ಲಿಯೇ ಕಂಡಿದ್ದನು. ಕಾಣದವನನ್ನು ಕಾಣುವ ಈ ಶಕ್ತಿಯನ್ನೇ ನಾವು ಕಾವ್ಯದಲ್ಲಿ ಪ್ರತಿಭೆಯೆನ್ನುತ್ತೇವೆ, ನಡೆಯಲ್ಲಿ ದಯೆಯೆನ್ನುತ್ತೇವೆ.

ನಾಲ್ಕನೆಯದು, ಮಾತು ತಿಳಿಯುವಂತಿರುವುದು. ಕನ್ನಡಕ್ಕೆ ಅನುವಾದಿಸಿದ ಮಾತ್ರಕ್ಕೆ ಫಲಕವು ಕನ್ನಡಿಗನದಾಗುವುದಿಲ್ಲ. ಮೊದಲೇ ಮಾಡಿಟ್ಟದ್ದು ಎಂಬರ್ಥದ ‘ಡೀಫಾಲ್ಟ್’ ಎಂಬುದನ್ನು ‘ಪೂರ್ವನಿಯೋಜಿತ’ ಎಂದು ಅನುವಾದಿಸುವ ರೂಢಿಯುಂಟು. ಅದನ್ನು ಓದಿ, ಯಾರೋ ಸಂಚು ಮಾಡಿದ್ದಾರೆಂದು ಒಬ್ಬನು ಭಾವಿಸಿದರೆ ಅವನನ್ನು ನಗಬಾರದು. ವೃತ್ತಪತ್ರಿಕೆಗಳಲ್ಲಿ ಕೊಲೆಯ ಸುದ್ದಿಗಳಲ್ಲಿ ಅವನು ಆ ಪದವನ್ನು ಕಂಡಿದ್ದಾನೆ. ‘ಮೊದಲಿದ್ದಂತೆ’ ಎಂದರೆ ಸಾಲದೇ? ಸ್ವಯಂಸೇವಕರಾಗಿ ವರ್ಷಗಟ್ಟಲೆ ಇಂಥ ಅನುವಾದಗಳನ್ನು ಮಾಡಿದವರ ಶ್ರಮವನ್ನು ನಾವು ಕಡಿಮೆಯೆನ್ನುವುದಿಲ್ಲ. ಪದವನ್ನು ಅಚ್ಚುಮಾಡುವ ಮುನ್ನ ಅಡಿಗೆಮನೆಯಲ್ಲಿಯೂ ಅಂಗಡಿಯಲ್ಲಿಯೂ ಒಮ್ಮೆ ನುಡಿದು ನೋಡಿದರೆ ಆ ಶ್ರಮವು ಸಾರ್ಥಕವಾಗುವುದೆಂದಷ್ಟೇ ಹೇಳುತ್ತೇವೆ.

ಇಷ್ಟರವರೆಗೆ ಅಜಾಗ್ರತೆಯಿಂದ ಆಗುವ ಅನ್ಯಾಯವನ್ನು ಹೇಳಿದೆವು. ಬುದ್ಧಿಪೂರ್ವಕವಾಗಿ ಮಾಡುವ ಅನ್ಯಾಯವೂ ಒಂದುಂಟು. ನಮ್ಮ ಕೆಲಸದ ಸುದ್ದಿಯನ್ನು ತಯಾರಕರಿಗೆ ಕಳುಹಿಸುವ ಏರ್ಪಾಡು ಮೊದಲಿನಿಂದಲೇ ತೆರೆದಿದ್ದು, ಅದನ್ನು ಮುಚ್ಚುವ ಗುಂಡಿಯು ನಾಲ್ಕು ಕೋಣೆಗಳಾಚೆ ಇದ್ದರೆ, ಅಲ್ಲಿ ಆಯ್ಕೆ ಇದೆಯೆಂದು ಹೇಳುವುದು ನ್ಯಾಯವಾದರೂ ಸತ್ಯವಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಸಾರಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯು ಎರಡು ಮಾತುಗಳನ್ನು ಹೇಳುತ್ತದೆ. ಸಮ್ಮತಿಯನ್ನು ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಸಮ್ಮತಿಯನ್ನು ಕೇಳುವ ಮಾತನ್ನು ಇಂಗ್ಲಿಷಿನಲ್ಲಿಯಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯಾಗಲಿ ಓದುವ ಅವಕಾಶವಿರಬೇಕು. ಕನ್ನಡ ಉರ್ದು ಎರಡೂ ಆ ಅನುಸೂಚಿಯಲ್ಲಿವೆ. ಗುಂಡಿಯನ್ನು ಎಲ್ಲಿ ಇಡಬೇಕೆಂಬ ಕುಶಲಕರ್ಮಿಯ ಪ್ರಶ್ನೆಯು ಹೀಗೆ ನ್ಯಾಯಶಾಸ್ತ್ರದ ಪ್ರಶ್ನೆಯೂ ಆಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಜನರಿಗೆ ಯಂತ್ರವನ್ನು ಕಲಿಸಿದರೆ ಸಾಕು, ಕಲಿಯದವರಿಗಾಗಿ ಯಂತ್ರವನ್ನು ಬದಲಿಸಬೇಕೆ?’ ಕಲಿಯುವುದು ಒಳ್ಳೆಯದೆಂಬುದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಕಲಿಯದ ಕಾರಣದಿಂದ ಆಗುವ ಹಾನಿಯ ಸ್ವರೂಪವನ್ನು ಆಕ್ಷೇಪಿಸುವವರು ಪೂರ್ತಿಯಾಗಿ ನೋಡಿಲ್ಲ. ಹುಮನಾಬಾದಿನ ಹಾದಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಒಬ್ಬ ಬಾಳೆಯ ಬೆಳೆಗಾರನನ್ನು ಭಾವಿಸಿರಿ. ಅರ್ಜಿಯೊಂದನ್ನು ಬರೆಯಿಸಲು ಅವನು ಅಂಗಡಿಗೆ ಬಂದಿದ್ದಾನೆ. ಪರದೆಯ ಮೇಲೆ ತನ್ನ ಹೆಸರು ಚೂರುಚೂರಾಗಿ ಕಾಣುತ್ತಿದೆ. ‘ತಮ್ಮಾ, ಇದು ಕನ್ನಡದಾಗ ಸರಿಯಾಗಿ ಬರಂಗಿಲ್ಲೇನು?’ ಎನ್ನುತ್ತಾನೆ. ‘ಕಾಕಾ, ಮಷಿನ್ ಹಿಂಗೇ ಅದ, ನಾವೇನ್ ಮಾಡಬೇಕು?’ ಎಂದು ಹುಡುಗನ ಉತ್ತರ. ಬೆಳೆಗಾರನು ತಲೆಯಾಡಿಸಿ, ‘ನಮಗೇನ್ ತಿಳೀತದ ಬಿಡಪಾ’ ಎಂದು ಸುಮ್ಮನಾಗುತ್ತಾನೆ.

ಈ ಕೊನೆಯ ಮಾತೇ ನಮ್ಮನ್ನು ಕಾಡತಕ್ಕದ್ದು. ಯಾವ ಮಣ್ಣಿಗೆ ಎಷ್ಟು ನೀರು, ಯಾವ ಗೊನೆಯನ್ನು ಎಂದು ಕಡಿಯಬೇಕು ಎಂಬುದನ್ನು ಬಲ್ಲ ಮನುಷ್ಯನು, ಯಾರೋ ಮರೆಯಲ್ಲಿಟ್ಟ ಒಂದು ಗುಂಡಿಯ ದೆಸೆಯಿಂದ ತನ್ನನ್ನು ತಾನೇ ಅಜ್ಞಾನಿಯೆಂದು ತೀರ್ಮಾನಿಸಿಕೊಂಡನು. ವಸ್ತುವಿನ ರಚನಾದೋಷವನ್ನು ಬಳಸುವವರು ತಮ್ಮ ದೋಷವೆಂದು ಹೊತ್ತುಕೊಳ್ಳುತ್ತಾರೆಂಬುದನ್ನು ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರು ದಿನಬಳಕೆಯ ವಸ್ತುಗಳನ್ನು ಕುರಿತ ತಮ್ಮ ೧೯೮೮ರ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಕಾಲವ್ಯಯವನ್ನು ತುಂಬಿಕೊಳ್ಳಬಹುದು, ಹಣವ್ಯಯವನ್ನೂ ತುಂಬಿಕೊಳ್ಳಬಹುದು. ‘ನನಗೆ ತಿಳಿಯದು, ಇದು ನನ್ನಂಥವರಿಗಲ್ಲ’ ಎಂಬ ನಂಬಿಕೆ ಒಮ್ಮೆ ಬೇರೂರಿದರೆ ಅದನ್ನು ಕೀಳುವುದು ಬಹಳ ಕಷ್ಟ. ವಿದ್ಯಾವಂತರ ಮನೆಗಳಲ್ಲಿಯೂ ಇದೇ ನಡೆಯುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ತಂದೆಯು ಅಕ್ಷರವನ್ನು ದೊಡ್ಡದು ಮಾಡಿಕೊಡೆಂದು ಮೊಮ್ಮಗನನ್ನು ಬೇಡುತ್ತಾನೆ; ಎರಡು ಸಲ ಬೇಡಿ, ಮೂರನೆಯ ಸಲ ಬೇಡಲು ಸಂಕೋಚಪಟ್ಟು ಓದುವುದನ್ನೇ ಬಿಡುತ್ತಾನೆ. ಮನೆಯವರು ‘ಅವರಿಗೆ ಆಸಕ್ತಿಯಿಲ್ಲ’ ಎನ್ನುತ್ತಾರೆ.

ಪರಿಹಾರವು ದುಸ್ಸಾಧ್ಯವೇನಲ್ಲ. ಫಲಕವನ್ನು ಕಟ್ಟುವವರು ಕಟ್ಟಿದ ಮೇಲೆ ಅದನ್ನು ಬಳಸುವವನ ಪಕ್ಕದಲ್ಲಿ ಮಾತಾಡದೆ ಒಂದು ಗಂಟೆ ಕುಳಿತು ನೋಡಬೇಕು. ಇದಕ್ಕೆ ಸಾವಿರಾರು ಜನರು ಬೇಕಿಲ್ಲ. ಐದು ಮಂದಿಯನ್ನು ನೋಡಿದರೆ ದೋಷಗಳಲ್ಲಿ ಬಹುಭಾಗ ಹೊರಬೀಳುವುದೆಂದು ಯಾಕೋಬ್ ನೀಲ್ಸನ್ ೨೦೦೦ದಲ್ಲಿಯೇ ಬರೆದರು. ಆ ಐದು ಮಂದಿಯಲ್ಲಿ ಒಬ್ಬರು ಕಮಲಾಪುರದ ಬೆಳೆಗಾರರೂ,ಒಬ್ಬರು ಉರ್ದು ಓದುವ ತಾಯಿಯೂ, ಒಬ್ಬರು ಕಣ್ಣು ಮಬ್ಬಾದ ನಿವೃತ್ತ ಉಪಾಧ್ಯಾಯರೂ ಇರಲಿ. ಅವರು ಎಲ್ಲಿ ತಡೆದು ನಿಲ್ಲುವರೋ ಅಲ್ಲಿ ತಿದ್ದಬೇಕಾದದ್ದು ಫಲಕ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಜಿಲ್ಲೆಯ ಸಾಹಿತ್ಯಸಂಘಗಳೂ ಒಂದು ಕೆಲಸವನ್ನು ಮಾಡಬಹುದು: ಫಲಕಗಳಲ್ಲಿ ಬರುವ ನೂರಿನ್ನೂರು ಮಾತುಗಳಿಗೆ ಈ ಪ್ರಾಂತದ ಜನರು ನಿಜವಾಗಿ ಆಡುವ ಪದಗಳನ್ನು ಕಲೆಹಾಕಿ ಅನುವಾದಕರಿಗೆ ಒದಗಿಸುವುದು. ಮನೆಯಲ್ಲಿರುವ ಕಿರಿಯರ ಕರ್ತವ್ಯ ಇನ್ನೂ ಸುಲಭ: ಹಿರಿಯರ ಯಂತ್ರದಲ್ಲಿ ಅಕ್ಷರದ ಗಾತ್ರವನ್ನೂ ಭಾಷೆಯನ್ನೂ ಬದಲಿಸಿಕೊಡುವುದಲ್ಲದೆ, ಬದಲಿಸುವ ಸ್ಥಳವನ್ನು ಅವರ ಕೈಯಿಂದಲೇ ಮುಟ್ಟಿಸಿ ತೋರಿಸುವುದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು. ಆಯ್ಕೆಗಳ ಸಂಖ್ಯೆಯಿಂದ ಸ್ವಾತಂತ್ರ್ಯವನ್ನು ಅಳೆಯಲಾಗದು. ಆಯ್ಕೆಗಳನ್ನು ಕಡಿಮೆ ಮಾಡಿದ ಮಾತ್ರಕ್ಕೆ ಅದು ದಯೆಯೂ ಆಗದು. ತನಗೆ ಬೇಕಾದದ್ದನ್ನು ತನ್ನ ಮಾತಿನಲ್ಲಿ ಹುಡುಕಿ, ತನ್ನ ಕೈಯಿಂದ ಬದಲಿಸಿ, ತಪ್ಪಿದರೆ ಅಂಜದೆ ಹಿಂದಿರುಗುವ ಶಕ್ತಿಯು ಸಾಮಾನ್ಯ ಮನುಷ್ಯನಿಗೆ ದೊರೆತಾಗ ಯಂತ್ರವು ಅವನ ಸೇವಕನಾಗುತ್ತದೆ. ಅಷ್ಟನ್ನು ಒದಗಿಸುವುದು ಕಟ್ಟುವವನ ಉಪಕಾರವಲ್ಲ, ಋಣ.